ಮೂರನೆಯ ಬೀಗ

“ಬೀಗ ತೆಗೆಸ್ತೀಯೋ, ಇಲ್ಲ ಕಟರ್ ತಂದು ಕತ್ತರಿಸ್ಲೋ?” ಅಣ್ಣ ಗಿರಣಿಯ ಒಳಗಿನಿಂದಲೇ ಕೂಗಿದ.

“ಕತ್ತರಿಸು. ನಿನ್ನ ಕೈ ಯಾರು ಹಿಡ್ಕೊಂಡಿದಾರೆ? ಬೆಳಗಾಗೆದ್ದು ನನ್ನ ಮೇಲೆ ಯಾಕೆ ಹಾರ್ತೀಯ, ನಾನು ಹಾಕಿದ್ನಾ?”

“ನೀನು ಹೆತ್ತಿದ್ದು ಹಾಕಿದೆ.”

“ನಾನು ಹೆತ್ತಿದ್ದನ್ನ ಹೆಗಲ ಮೇಲೆ ಕೂರಿಸ್ಕೊಂಡು ಮೆರೆಸಿದ್ದು ಯಾರು? ಅದನ್ನೂ ಸೇರಿಸಿ ಹೇಳು.”

ಹಿಟ್ಟು ಮಾಡಿಸಲು ಬಂದವರು ಚೀಲಗಳನ್ನು ಸಾಲಾಗಿ ಇಟ್ಟು ನಮ್ಮ ಬಾಯನ್ನೇ ನೋಡುತ್ತಿದ್ದರು. ಮೂಲೆಮನೆಯಾಕೆಯಂತೂ ತನ್ನ ಗೋಧಿ ಚೀಲದ ಮೇಲೆ ಆರಾಮಾಗಿ ಕೂತೇಬಿಟ್ಟಿದ್ದಳು. ಹಿಟ್ಟು ತಡವಾದರೂ ಸರಿ, ಜಗಳ ಅರ್ಧಕ್ಕೆ ನಿಲ್ಲಬಾರದು ಎನ್ನುವ ಪೈಕಿ ಅವಳು.

“ಮೇನ್ ಸ್ವಿಚ್ಚಿಗೇ ಬೀಗ ಬಿದ್ದಿದೆ, ಕಟರ್‌ಗೆ ಕರೆಂಟು ಎಲ್ಲಿಂದ ತರ್ತೀಯಪ್ಪಾ?” ಎಂದಳು ಅವಳು. ಸಾಲಿನಲ್ಲಿದ್ದವರೆಲ್ಲ ನಕ್ಕರು. ಅಣ್ಣ ನಗಲಿಲ್ಲ.

ನಾನು ಒಳಗೆ ಹೋಗಿ ನೋಡಿದೆ. ಸ್ವಿಚ್ಚಿನ ಹಿಡಿಯನ್ನು ಕೆಳಗೆ ಎಳೆದು, ಅದರ ತೂತಿಗೆ ಇಕ್ಕಳದ ಬಾಯಿಯಂಥ ಒಂದು ಕೆಂಪು ಕೊಂಡಿ ಸಿಕ್ಕಿಸಿತ್ತು. ಕೊಂಡಿಯಲ್ಲಿ ಸಾಲಾಗಿ ತೂತುಗಳು. ಮೊದಲನೆಯ ತೂತಿನಲ್ಲಿ ಒಂದು ಸಣ್ಣ ಬೀಗ, ಬೀಗಕ್ಕೆ ಕಟ್ಟಿದ ರಟ್ಟಿನ ಚೀಟಿಯ ಮೇಲೆ ನನ್ನ ಮಗಳ ದಪ್ಪ ಅಕ್ಷರ: ‘ಚಕ್ರ ಬಿರಿದಿದೆ. ಹಾಕಿದವರೇ ತೆಗೆಯಬೇಕು.’ ಹಾಕಿದವಳು ಕೀಲಿಕೈ ಜೇಬಿಗೆ ಹಾಕಿಕೊಂಡು, ನಾನು ಎದ್ದು ಮುಖ ತೊಳೆಯುವಷ್ಟರಲ್ಲಿ ಕಾಲೇಜಿಗೆ ಹೋಗಿಯಾಗಿತ್ತು.

ಕಾಲೇಜು ಎಂದರೆ ಬಹಳ ದೂರವೇನಲ್ಲ. ನಮ್ಮ ಗಿರಣಿಗೂ ವಿಶ್ವವಿದ್ಯಾಲಯದ ಕಾಂಪೌಂಡಿಗೂ ನಡುವೆ ಇರುವುದು ಒಂದು ರಸ್ತೆ. ನಮ್ಮ ಹಿಟ್ಟಿನ ಧೂಳು ಹಾರಿ ಅವರ ಮರಗಳ ಎಲೆ ಬೆಳ್ಳಗಾಗಿರುತ್ತದೆ. ಅವರ ವರ್ಕ್‌ಶಾಪಿನ ಸೈರನ್ ಕೇಳಿ ನಾವು ಊಟಕ್ಕೆ ಕೂರುತ್ತೇವೆ. ಇವಳಿಗೆ ಬಂದ ಅಂಕಕ್ಕೆ ಎಲ್ಲಿ ಬೇಕಾದರೂ ಸೀಟು ಸಿಗುತ್ತಿತ್ತು. ಇವಳು ಎದುರಿಗಿರುವುದನ್ನೇ ಆರಿಸಿಕೊಂಡಾಗ ಬಂದು ಹೋದವರೆಲ್ಲ ಹಿತ್ತಲ ಗಿಡ ಮದ್ದಲ್ಲ ಎಂದರು. ಅದರಲ್ಲೂ ಮೆಕ್ಯಾನಿಕಲ್. ಹೆಣ್ಣು ಹುಡುಗಿಗೆ ಈ ಕಬ್ಬಿಣದ ಕಡಲೆ ಯಾಕೆ ಎಂದರು. ಅವರಿಗೆಲ್ಲ ನಾನು ತಕ್ಕ ಉತ್ತರ ಕೊಟ್ಟು ಕಳಿಸಿದೆ, ಯಾಕೆಂದರೆ ನನ್ನ ಮಗಳನ್ನು ಬೈಯುವ ಹಕ್ಕು ನನಗೊಬ್ಬಳಿಗೇ ಇರುವುದು. ಆಮೇಲೆ ಬಾಗಿಲು ಹಾಕಿಕೊಂಡು ನಾನೂ ಚೆನ್ನಾಗಿಯೇ ಬೈದೆ. “ಬೇರೆ ಮಕ್ಕಳು ರೈಲು ಹತ್ತಿ ಹೋಗಿ ಓದ್ತಾರೆ. ನೀನು ರಸ್ತೆ ದಾಟಿ ಓದ್ತೀನಿ ಅಂತೀಯ.”

ಅವಳು ಅನ್ನ ಕಲಸುತ್ತಾ ಹೇಳಿದಳು: “ದೂರ ಹೋದೋರು ಕಲಿತಿದ್ದನ್ನ ರಜೆಗೆ ಮನೆಗೆ ತರ್ತಾರೆ. ನಾನು ದಿನಾ ತರ್ತೀನಿ.”

ಹಾಗೇ ತಂದಳು. ಮೊದಲ ವರ್ಷ ಒಂದು ಕಬ್ಬಿಣದ ತುಂಡನ್ನು ಅರ ಹಿಡಿದು ಉಜ್ಜಿದಳು, ಉಜ್ಜಿದಳು, ಅಂಗೈ ಬೊಬ್ಬೆ ಒಡೆಯುವವರೆಗೂ ಉಜ್ಜಿದಳು. ಕೊನೆಗೆ ಒಂದಿನ ಎರಡು ಸಣ್ಣ ತುಂಡು ತಂದು ನನ್ನ ಮುಂದಿಟ್ಟಳು. ಒಂದರಲ್ಲಿ ಚೌಕದ ಕಚ್ಚು, ಇನ್ನೊಂದರಲ್ಲಿ ಆ ಕಚ್ಚಿಗೆ ಕೂರುವ ಚೌಕ. “ಇಷ್ಟು ದಿನ ಉಜ್ಜಿದ್ದಕ್ಕೆ ಇಷ್ಟೇನಾ?” ಎಂದೆ. ಅವಳು ಎರಡನ್ನೂ ಸೇರಿಸಿ ದೀಪದ ಮುಂದೆ ಹಿಡಿದಳು. ಸಂದಿನಲ್ಲಿ ಒಂದು ಎಳೆ ಬೆಳಕು ಕಾಣಲಿಲ್ಲ. ಅಣ್ಣ ಆ ತುಂಡುಗಳನ್ನು ಕೈಯಲ್ಲಿ ತಿರುಗಿಸಿ ತಿರುಗಿಸಿ ನೋಡಿ, “ಇದು ನನ್ನ ಹತ್ತಿರ ಇರ್ಲಿ” ಎಂದು ಜೇಬಿಗೆ ಹಾಕಿಕೊಂಡ. ಅಂದಿನಿಂದ ಅವನ ವೆಲ್ಡಿಂಗ್ ಶೆಡ್ಡಿಗೆ ಗೇಟು ಮಾಡಿಸಲು ಬಂದವರು, ಗ್ರಿಲ್ಲು ಕೇಳಲು ಬಂದವರು, ಸುಮ್ಮನೆ ದಾರಿ ಕೇಳಲು ಬಂದವರು, ಎಲ್ಲರೂ ಅದನ್ನು ಬೆಳಕಿಗೆ ಹಿಡಿದು ನೋಡಿಯೇ ಮುಂದೆ ಹೋಗಬೇಕು.

ಆಮೇಲಿನ ವರ್ಷ ಗಿರಣಿಯ ನೆಲದ ಮೇಲೆ ಹಿಟ್ಟನ್ನು ಗುಡ್ಡೆ ಸುರಿದು, ಸ್ಕೂಲಿನ ಮಕ್ಕಳ ಕೋನಮಾಪಕ ಇಟ್ಟು ಗುಡ್ಡೆಯ ಇಳಿಜಾರು ಅಳೆದಳು. ಹಿಟ್ಟನ್ನು ಹಾಳು ಮಾಡಿದಳೆಂದು ನಾನು ಪೊರಕೆ ಎತ್ತಿಕೊಂಡೆ. “ಹಿಟ್ಟು ಇಷ್ಟು ಇಳಿಜಾರಿನಲ್ಲಿ ನಿಲ್ಲತ್ತೆ ಅಮ್ಮ, ಇದಕ್ಕಿಂತ ಕಡಿದಾದರೆ ಮಾತ್ರ ಜಾರತ್ತೆ. ನಮ್ಮ ಹಿಟ್ಟು ಇಳಿಯೋ ತಗಡಿನ ಜಾರು ಅಷ್ಟು ಕಡಿದಾಗಿಲ್ಲ” ಎಂದಳು. ಅಣ್ಣ ಆ ದಿನವೇ ತಗಡು ಬಿಚ್ಚಿ, ಅವಳು ಹೇಳಿದ ಓರೆಗೆ ಮತ್ತೆ ಬೆಸೆದ. ಹಿಟ್ಟು ಸಿಕ್ಕಿಕೊಂಡಾಗೆಲ್ಲ ಕೋಲಿನಿಂದ ಜಾರನ್ನು ಬಡಿಯುವುದು ನನ್ನ ಕೆಲಸವಾಗಿತ್ತು. ಮದುವೆಯಾಗಿ ಬಂದಂದಿನಿಂದ ಬಡಿದಿದ್ದೆ. ಅವತ್ತಿನಿಂದ ಹಿಟ್ಟು ನೀರಿನ ಹಾಗೆ ಇಳಿಯಿತು. ಕೋಲನ್ನು ಈಗ ಬೆಕ್ಕು ಓಡಿಸಲು ಇಟ್ಟುಕೊಂಡಿದ್ದೇನೆ.

ಸೋದರಮಾವ, ಸೊಸೆ ಇಬ್ಬರೂ ಹಾಗಿದ್ದರು. ನನ್ನ ಗಂಡ ತೀರಿಕೊಂಡಾಗ ಇವಳು ಇನ್ನೂ ಅಂಬೆಗಾಲಿನ ಕೂಸು. ಅಣ್ಣ ತನ್ನ ವೆಲ್ಡಿಂಗ್ ಶೆಡ್ಡನ್ನು ಕಿತ್ತುಕೊಂಡು ಬಂದು ನಮ್ಮ ಗಿರಣಿಯ ಪಕ್ಕದಲ್ಲಿ ಹಾಕಿದ. ಒಂದು ಕಾಲು ಶೆಡ್ಡಿನಲ್ಲಿ, ಒಂದು ಕಾಲು ಗಿರಣಿಯಲ್ಲಿ. ಅವನಿಲ್ಲದಿದ್ದರೆ ಈ ಕಲ್ಲು ತಿರುಗುತ್ತಿರಲಿಲ್ಲ, ನಾವು ಉಣ್ಣುತ್ತಿರಲಿಲ್ಲ. ಶೆಡ್ಡಿನ ನೆಲದಲ್ಲಿ ಬಿದ್ದ ಮೊಳೆಗಳನ್ನೆಲ್ಲ ಈ ಹುಡುಗಿ ಆರಿಸಿ ಲಂಗದ ತುಂಬ ತುಂಬಿಕೊಳ್ಳುತ್ತಿದ್ದಳು. ಅವನೇ ‘ಮೊಳೆ’ ಎಂದು ಹೆಸರಿಟ್ಟ. ಕಬ್ಬಿಣಕ್ಕೆ ತುಕ್ಕು ಹಿಡಿಯದ ಹಾಗೆ ಹೇಗೆ ಇಡಬೇಕು, ಸದ್ದು ಕೇಳಿ ಸವೆದ ಬೇರಿಂಗ್ ಹೇಗೆ ಗುರುತಿಸಬೇಕು, ಎಲ್ಲ ಅವನೇ ಹೇಳಿಕೊಟ್ಟ.

ಈ ಚಕ್ರದ ಕಥೆಯೂ ಅವನದೇ. ಮೋಟಾರಿನಿಂದ ಬೆಲ್ಟು ಹೋಗಿ ಕಲ್ಲನ್ನು ತಿರುಗಿಸುವ ದೊಡ್ಡ ಚಕ್ರ, ನನ್ನ ಎದೆಮಟ್ಟಕ್ಕೆ ಬರುತ್ತದೆ. ಹಳೆಯ ಎರಕದ ಕಬ್ಬಿಣ. ಹೋದ ವರ್ಷ ಸವೆದ ಬೀಸುಕಲ್ಲಿಗೆ ಹಲ್ಲು ಕುಟ್ಟಿಸಲು ಬಿಚ್ಚಿದಾಗ ಚಕ್ರ ಜಾರಿ ನೆಲಕ್ಕೆ ಬಿದ್ದು, ನಡುವಿನಿಂದ ಅಂಚಿಗೆ ಹೋಗುವ ಒಂದು ಕಡ್ಡಿ ಸೀಳಿತು. ಅಣ್ಣ ಕೂತು ಬೆಸೆದ. ಬೆಸುಗೆಯನ್ನು ಉಜ್ಜಿ, ಬಣ್ಣ ಹೊಡೆದು ನಿಲ್ಲಿಸಿದಾಗ ಯಾವ ಕಡ್ಡಿ ಸೀಳಿತ್ತೆಂದು ನನಗೇ ಗೊತ್ತಾಗಲಿಲ್ಲ. ವರ್ಷವಿಡೀ ಚಕ್ರ ತಿರುಗಿತು.

ಈ ವರ್ಷ ಇವಳಿಗೆ ಲೋಹಗಳ ಪಾಠ ಶುರುವಾಯಿತು. ಒಂದು ಸಂಜೆ ಕಾಲೇಜಿನಿಂದ ಬಂದವಳು ಚೀಲ ಕೂಡ ಇಳಿಸದೆ ಚಕ್ರದ ಮುಂದೆ ನಿಂತಳು.

“ಮಾವ, ಬೆಸೆಯೋ ಮುಂಚೆ ಚಕ್ರಾನ ಕೆಂಡದಲ್ಲಿ ಕಾಯಿಸಿದ್ಯಾ?”

“ಯಾಕೆ, ಅದಕ್ಕೆ ಚಳಿಯಾಗಿತ್ತಾ?”

“ಆಮೇಲೆ ಬೂದಿಯಲ್ಲಿ ಹೂತಿಟ್ಟು ನಿಧಾನ ಆರಿಸಿದ್ಯಾ?”

“ಗಿರಾಕಿಗಳು ಬಾಗಿಲಲ್ಲಿ ನಿಂತಿದ್ರು. ನೀರು ಎರಚಿ ಆರಿಸಿದೆ.”

“ಬೆಸೆಯೋಕೆ ಹಾಕಿದ ರಾಡು ಯಾವುದು?”

“ಗೇಟಿಗೆ ಯಾವುದೋ ಅದೇ. ಇವಳೇನು ಪೊಲೀಸಾ?” ಎಂದು ಅಣ್ಣ ನನ್ನ ಕಡೆ ತಿರುಗಿ ನಕ್ಕ. ಇವಳು ನಗಲಿಲ್ಲ.

ಭಾನುವಾರ ಗಿರಣಿಗೆ ರಜೆ. ಇವಳು ಕಾಲೇಜಿನಿಂದ ತಂದಿದ್ದ ಎರಡು ಡಬ್ಬಿ ತೆಗೆದಳು, ಬಿರುಕು ಇದ್ದರೆ ತೋರಿಸುವಂಥವು. ಬಣ್ಣ ಕೆರೆದು, ಮೊದಲು ಒಂದರಿಂದ ಕೆಂಪು ನೀರು ಸಿಂಪಡಿಸಿ ಸ್ವಲ್ಪ ಹೊತ್ತು ಬಿಟ್ಟು ಒರೆಸಿದಳು. ಆಮೇಲೆ ಇನ್ನೊಂದರಿಂದ ಬಿಳಿ ಪುಡಿ ಹೊಡೆದಳು. ನೋಡುತ್ತ ನಿಂತ ಹಾಗೇ ಬಿಳಿಯ ಮೇಲೆ ಒಂದು ಕೆಂಪು ಗೆರೆ ಮೂಡಿತು, ಕೂದಲಿನಷ್ಟು ಸಣ್ಣದು. ಬೆಸುಗೆಯ ಮೇಲಲ್ಲ, ಬೆಸುಗೆಯ ಪಕ್ಕದಲ್ಲಿ, ಚಕ್ರದ ಅಂಚಿನವರೆಗೂ.

“ಬಣ್ಣ ಬಳಿದು ನೋಡಿದ್ರೆ ಗೋಡೆಯಲ್ಲೂ ಬಿರುಕು ಕಾಣತ್ತೆ,” ಎಂದ ಅಣ್ಣ. “ನನ್ನ ಅಂಗೈ ಹುಣ್ಣು ನೋಡೋಕೆ ನನಗೆ ಕನ್ನಡಿ ಬೇಡ.” ಸೀಮೆಎಣ್ಣೆಯ ಬಟ್ಟೆ ತಂದು ಗೆರೆಯನ್ನು ಒರೆಸಿಬಿಟ್ಟ. ನಾನು ಅಣ್ಣನ ಕಡೆಯೇ ಮಾತಾಡಿದೆ. ವರ್ಷ ತಿರುಗಿದ ಚಕ್ರ ನಾಳೆ ತಿರುಗದೇ ಇರುತ್ತಾ ಎಂದೆ. ಮಗಳು ಡಬ್ಬಿಗಳನ್ನು ಚೀಲಕ್ಕೆ ಹಾಕಿಕೊಂಡು ಸುಮ್ಮನೆ ಒಳಗೆ ಹೋದಳು. ನಮ್ಮ ವಂಶದಲ್ಲಿ ಯಾರಾದರೂ ಸುಮ್ಮನೆ ಹೋದರೆ ಹೆದರಬೇಕು. ನಾನು ಹೆದರಲಿಲ್ಲ. ಸೋಮವಾರ ಬೆಳಗ್ಗೆ ಎದ್ದರೆ ಈ ಬೀಗ.

“ನಾನು ಹೋಗಿ ಕೀಲಿಕೈ ತರ್ತೀನಿ,” ಎಂದೆ ಅಣ್ಣನಿಗೆ. “ಅಲ್ಲಿವರೆಗೆ ಏನೂ ಮುಟ್ಟಬೇಡ.”

“ಜಡೆ ಹಿಡಿದು ಎಳ್ಕೊಂಡು ಬಾ. ನನ್ನ ಕೆಲಸಕ್ಕೆ ಊರೆದುರು ಬೀಗ ಹಾಕ್ತಾಳೆ. ಒಂದು ಮಾತು ತಿಳ್ಕೋ, ತಂಗಿ. ಈವತ್ತು ಆ ಚಕ್ರ ತಿರುಗಲಿಲ್ಲ ಅಂದ್ರೆ ನಾನು ಈ ಗಿರಣಿಗೆ ಬೇಡ ಅಂತ ಅರ್ಥ.”

ಕೋಪದಲ್ಲಿ ಆಡಿದ ಮಾತು ಎಂದುಕೊಂಡು ರಸ್ತೆ ದಾಟಿದೆ. ಜಡೆ ಹಿಡಿದು ಎಳೆದು ತರುವ ಮನಸ್ಸು ನನಗೂ ಇತ್ತು.

ಇಷ್ಟು ವರ್ಷ ಎದುರಿಗಿದ್ದೂ ಆ ಗೇಟಿನೊಳಗೆ ನಾನು ಕಾಲಿಟ್ಟಿರಲಿಲ್ಲ. ಗೇಟಿನವನು ನಮ್ಮ ಗಿರಾಕಿ. “ಏನಕ್ಕಾ, ಹಿಟ್ಟು ಮನೆಗೇ ತಲುಪಿಸೋಕೆ ಶುರು ಮಾಡಿದ್ರಾ?” ಎಂದ. ನನ್ನ ಮುಖ ನೋಡಿ, ಎರಡನೆಯ ಮಾತಾಡದೆ ಲ್ಯಾಬಿನ ದಾರಿ ತೋರಿಸಿದ.

ಲ್ಯಾಬಿನ ಬಾಗಿಲಲ್ಲಿ ಡೊಳ್ಳುಹೊಟ್ಟೆಯ ಮೇಷ್ಟ್ರೊಬ್ಬರು ಅಡ್ಡ ನಿಂತರು.

“ಚಪ್ಪಲಿಯಲ್ಲಿ ಒಳಗೆ ಬರೋ ಹಾಗಿಲ್ಲ.”

“ನಾನು ನಿಮ್ಮ ಪಾಠ ಕೇಳೋಕೆ ಬಂದಿಲ್ಲ. ನನ್ನ ಮಗಳನ್ನ ಕರೀರಿ.”

“ಪ್ರಯೋಗ ನಡೀತಿದೆ. ಮುಗಿಯೋವರೆಗೆ ಯಾರೂ ಹೊರಗೆ ಬರೋ ಹಾಗೂ ಇಲ್ಲ. ನೋಡೋದಾದ್ರೆ ಶೂ ಹಾಕ್ಕೊಳಿ.”

ಮೂಲೆಯಿಂದ ಯಾರದೋ ಶೂ ತಂದು ಮುಂದಿಟ್ಟರು. ದೋಣಿಯಷ್ಟು ದೊಡ್ಡವು. ಸೀರೆ ಸ್ವಲ್ಪ ಎತ್ತಿ ಕಟ್ಟಿಕೊಂಡು ಹಾಕಿಕೊಂಡೆ. ಜಗಳಕ್ಕೆ ಹೊರಟವಳು ಬೇರೆಯವರ ಶೂನಲ್ಲಿ ಟಪ ಟಪ ನಡೆದರೆ ಅರ್ಧ ಸಿಟ್ಟು ಅಲ್ಲೇ ಉದುರಿಹೋಗುತ್ತದೆ. ಒಂದು ಕನ್ನಡಕವನ್ನೂ ಮೂಗಿಗೆ ಏರಿಸಿದರು. ಹಳದಿ ಗೆರೆ ತೋರಿಸಿ, ಇದರ ಹಿಂದೆ ನಿಲ್ಲಿ ಎಂದರು. ನಿಂತೆ. ನನ್ನ ಜೀವಮಾನದಲ್ಲಿ ಗೆರೆ ನೋಡಿ ನಿಂತದ್ದು ಅದೇ ಮೊದಲು.

ಆಳೆತ್ತರದ ಒಂದು ಯಂತ್ರ. ಅದರ ಎರಡು ದವಡೆಗಳ ನಡುವೆ ಬೆರಳು ಗಾತ್ರದ ಸರಳು. ಅದರ ಮುಂದೆ ಕಟ್ಟಿದ ತಂತಿ ಬಲೆಯ ಈಚೆ ಹುಡುಗರ ಗುಂಪು, ನಡುವೆ ಬೆರಳೆಣಿಕೆಯ ಹುಡುಗಿಯರು. ಯಂತ್ರದ ಗಾಲಿ ತಿರುಗಿಸುತ್ತಿದ್ದವಳು ನನ್ನ ಮಗಳು. ನೀಲಿ ಕೋಟು, ಟೊಪ್ಪಿಯೊಳಗೆ ಸುತ್ತಿ ತುರುಕಿದ ಜಡೆ. ಹಿಡಿದು ಎಳೆಯಲು ಜಡೆಯೇ ಇರಲಿಲ್ಲ. ಅವಳು ನನ್ನನ್ನು ನೋಡಿದಳು. ನೋಡಿಯೂ ಗಾಲಿಯಿಂದ ಕೈ ತೆಗೆಯಲಿಲ್ಲ, ಕಣ್ಣು ಮತ್ತೆ ಯಂತ್ರದ ಅಳತೆಯ ಮುಳ್ಳಿನ ಮೇಲೆ. ಮನೆಯಲ್ಲಿ ಹಾಲುಕ್ಕಿದರೂ ಗೊತ್ತಾಗದ ಹುಡುಗಿ ಇವಳೇನಾ ಅನ್ನಿಸಿತು.

ಯಂತ್ರ ಸರಳನ್ನು ಎಳೆಯತೊಡಗಿತು. ಬಹಳ ಹೊತ್ತು ಏನೂ ಆಗಲಿಲ್ಲ. ಆಮೇಲೆ ಸರಳು ಉದ್ದವಾಗುತ್ತ ಬಂತು, ನಡುವೆ ಸಣ್ಣಗೆ ಸೊಂಟ ಮೂಡಿತು. ಸೊಂಟ ಇನ್ನೂ ತೆಳ್ಳಗಾಯಿತು. ಕಬ್ಬಿಣ ಬೆಲ್ಲದ ಪಾಕದ ಹಾಗೆ ಎಳೆಯುವುದನ್ನು ನಾನು ಕಂಡಿರಲಿಲ್ಲ. ಕೊನೆಗೆ ಠಪ್ಪೆಂದು ಹರಿಯಿತು.

“ಇದು ಗೇಟಿನ ಕಬ್ಬಿಣ,” ಎಂದರು ಮೇಷ್ಟ್ರು. “ಈಗ ಎರಕದ್ದು ಹಾಕಮ್ಮ.”

ಮಗಳು ಎರಡನೆಯ ಸರಳು ಸಿಕ್ಕಿಸಿದಳು. ನಾನು ಸೊಂಟ ಮೂಡುತ್ತದೆಂದು ಕಣ್ಣಗಲಿಸಿ ಕಾಯುತ್ತಿದ್ದೆ. ಸರಳು ಇದ್ದ ಹಾಗೇ ಇತ್ತು. ಹಿಗ್ಗಲಿಲ್ಲ, ತೆಳ್ಳಗಾಗಲಿಲ್ಲ. ಇದೇ ಗಟ್ಟಿ ಎಂದುಕೊಳ್ಳುತ್ತಿದ್ದೇನೆ, ಸಿಡಿಲು ಬಡಿದ ಹಾಗೆ ಒಂದು ಸದ್ದು. ಎರಡು ತುಂಡು.

ಮೇಷ್ಟ್ರು ತುಂಡುಗಳನ್ನು ಹಿಡಿದು, “ಏನು ವ್ಯತ್ಯಾಸ?” ಎಂದು ಕೇಳಿದರು. ಹುಡುಗನೊಬ್ಬ ಏನೋ ಅಂಕಿ ಹೇಳಿದ. ಮೇಷ್ಟ್ರು ನನ್ನ ಮಗಳ ಕಡೆ ನೋಡಿದರು.

“ಮೊದಲನೇದು ಮುರಿಯೋ ಮುಂಚೆ ಹೇಳತ್ತೆ ಸರ್. ಪಕ್ಕದಲ್ಲಿ ನಿಂತವರಿಗೆ ಓಡೋಕೆ ಟೈಮ್ ಸಿಗತ್ತೆ. ಎರಡನೇದು ಹೇಳಲ್ಲ. ಅದಕ್ಕೆ ಅದು ಮುರಿಯೋ ಮುಂಚೆ ನಾವೇ ಕೇಳ್ಕೊಬೇಕು.”

“ಕಾಯಿಸದೆ ಬೆಸುಗೆ ಹಾಕಿದ್ರೆ?”

“ಬೆಸುಗೆ ಬಿಡಲ್ಲ ಸರ್. ಅದರ ಪಕ್ಕದ ಕಬ್ಬಿಣ ಬಿರಿಯತ್ತೆ.” ಮತ್ತೆ ತಾನೇ ಸೇರಿಸಿದಳು: “ಎಷ್ಟೇ ಒಳ್ಳೆ ಕೈ ಆದ್ರೂ ಅಷ್ಟೇ. ಕೈಯಿಂದ ಅಲ್ಲ, ಕಬ್ಬಿಣದ ಗುಣದಿಂದ.”

ಆ ಮಾತನ್ನು ಅವಳು ಹೇಳಿದ್ದು ನನಗೆ. ಗೊತ್ತಾಯಿತು. ನಾನು ಹಳ್ಳಿ ಶಾಲೆಯಲ್ಲಿ ಮಗ್ಗಿ, ಕಾಗುಣಿತ ಕಲಿತವಳು. ಆ ಗೋಡೆಯ ಮೇಲಿನ ಪಟಗಳಲ್ಲಿ ಒಂದೂ ನನಗೆ ಅರ್ಥವಾಗಲಿಲ್ಲ. ಆದರೆ ಅಷ್ಟು ಜನರ ಮುಂದೆ, ದನಿ ಏರಿಸದೆ, ಮಾವನ ಮಾನಕ್ಕೆ ಒಂದು ಗೀರೂ ಬೀಳದ ಹಾಗೆ ಸತ್ಯ ಹೇಳುವುದು ಇದೆಯಲ್ಲ, ಅದನ್ನು ಅವಳು ನನ್ನಿಂದ ಕಲಿತಿರಲು ಸಾಧ್ಯವಿಲ್ಲ. ಆ ಕಟ್ಟಡದಲ್ಲೇ ಎಲ್ಲೋ ಕಲಿತಿರಬೇಕು. ನಾನು ಆ ಗೋಡೆಗಳನ್ನು ಇನ್ನೊಮ್ಮೆ ನೋಡಿದೆ.

ಪ್ರಯೋಗ ಮುಗಿದ ಮೇಲೆ ಮೇಷ್ಟ್ರು, “ಏನು ಬಂದ್ರಿ ಅಮ್ಮ?” ಎಂದರು.

“ಕೀಲಿಕೈ. ನನ್ನ ಗಿರಣಿಗೆ ಬೀಗ ಹಾಕಿ ಬಂದಿದಾಳೆ. ಕೊಡೋಕೆ ಹೇಳಿ.”

ಮೇಷ್ಟ್ರು ನಗಲಿಲ್ಲ. ನನ್ನನ್ನು ಮೂಲೆಯಲ್ಲಿದ್ದ, ಕಬ್ಬಿಣ ಕಡೆಯುವ ಒಂದು ಲೇತಿನ ಹತ್ತಿರ ಕರೆದೊಯ್ದರು. ಅದರ ಸ್ವಿಚ್ಚಿಗೂ ಅಂಥದೇ ಕೆಂಪು ಕೊಂಡಿ, ಅದರ ತುಂಬ ಬೀಗಗಳು, ಒಂದೊಂದಕ್ಕೂ ಒಂದು ಚೀಟಿ. “ರಿಪೇರಿಗೆ ಕೈ ಹಾಕಿದ ಪ್ರತಿಯೊಬ್ಬರದ್ದೂ ಒಂದು ಬೀಗ. ಅವರವರದ್ದನ್ನ ಅವರವರೇ ತೆಗೀಬೇಕು. ಇದೊಂದು ನೋಡಿ, ನಮ್ಮ ಅಟೆಂಡರ್‌ದು. ಮಗಳ ಬಾಣಂತನ ಅಂತ ರಜೆ ಹಾಕಿದಾನೆ. ಬರೋವರೆಗೆ ಲೇತು ತಿರುಗಲ್ಲ.”

“ನೀವು ದೊಡ್ಡವರು. ನೀವು ತೆಗೀಬಾರದಾ?”

“ಕುಲಪತಿ ಬಂದ್ರೂ ತೆಗಿಯೋ ಹಾಗಿಲ್ಲ. ಒಳಗೆ ಕೈ ಇಟ್ಟವನಿಗೆ ತಾನೇ ಗೊತ್ತು, ತನ್ನ ಕೈ ಹೊರಗೆ ಬಂದಿದೆಯೋ ಇಲ್ವೋ ಅಂತ.”

ಬಾಣಂತನ ಮುಗಿಯಲಿ ಎಂದು ಕಾಯುವ ಯಂತ್ರವನ್ನು ನೋಡಿ, ಇವರಿಗೆ ತಲೆ ಕೆಟ್ಟಿದೆ ಎಂದುಕೊಂಡೆ. ಆಮೇಲೆ ನನ್ನ ಗಿರಣಿಯ ಸಾಲು ಕಣ್ಣಿಗೆ ಬಂತು. ಚಕ್ರದಿಂದ ಒಂದು ಮಾರು ದೂರದಲ್ಲೇ ಜನ ಚೀಲ ಇಟ್ಟುಕೊಂಡು ನಿಲ್ಲುತ್ತಾರೆ, ಹೊಟ್ಟಿನ ಗಾಳಿ ಬೀಳದ ಜಾಗ ಎಂದು. ಮೂಲೆಮನೆಯಾಕೆ ಕೂರುವುದೂ ಅಲ್ಲೇ. ಆ ಬಾಯಿಬಡುಕಿ ನನಗೆ ಬೇಕು. ಅವಳಿಲ್ಲದೆ ಬೆಳಗ್ಗೆ ಯಾರ ಹತ್ತಿರ ಜಗಳವಾಡಲಿ?

ಮಗಳು ಕೈ ಒರೆಸಿಕೊಳ್ಳುತ್ತಾ ಕಾರಿಡಾರಿಗೆ ಬಂದಳು.

“ಬೈದು ಮುಗಿಸು ಅಮ್ಮ, ಇನ್ನೊಂದು ಕ್ಲಾಸಿದೆ.”

“ಮಾವನಿಗೆ ಬೀಗ ಹಾಕ್ತೀಯೇನೇ? ನಿನ್ನನ್ನ ಎತ್ತಿ ಬೆಳೆಸಿದೋನಿಗೆ?”

“ಮಾವನಿಗಲ್ಲ, ಚಕ್ರಕ್ಕೆ. ಆ ಕೊಂಡಿಯಲ್ಲಿ ಬೇಕಾದಷ್ಟು ತೂತಿದೆ. ನಿಂದೊಂದು ಬೀಗ ಹಾಕು, ಮಾವಂದೂ ಒಂದು ಹಾಕ್ಲಿ. ಆವಾಗ ನನ್ನೊಬ್ಬಳದ್ದೇ ಹಟ ಅಂತ ಆಗಲ್ಲ. ಮೂರು ಜನಾನೂ ಸರಿ ಅಂದ ದಿನ ತಿರುಗಲಿ.”

“ಅವನು ಒಪ್ಪದೇ ಇದ್ರೆ?”

“ಬೆಲ್ಟು ಕಳಚಿ ಸುತ್ತಿಗೆಯಲ್ಲಿ ತಟ್ಟಿ ನೋಡು ಅಂತ ಹೇಳು. ಅದನ್ನ ನನಗೆ ಹೇಳ್ಕೊಟ್ಟಿದ್ದೇ ಅವನು.”

ಶೂ ಬಿಚ್ಚಿಟ್ಟು ಹೊರಟೆ. ಕೀಲಿಕೈ ಕೇಳಲು ಮರೆತೆನೋ, ಬೇಕೆಂದೇ ಕೇಳಲಿಲ್ಲವೋ, ನನಗೇ ಗೊತ್ತಿಲ್ಲ. ಗೇಟಿನ ಪಕ್ಕದ ಬೀಗದ ಅಂಗಡಿಗೆ ನುಗ್ಗಿ ಒಂದೇ ಥರದ ಎರಡು ಬೀಗ ತೆಗೆದುಕೊಂಡೆ.

ಅಣ್ಣ ಬಾಗಿಲಲ್ಲೇ ಕೈ ಚಾಚಿ ನಿಂತಿದ್ದ. “ಕೊಡು.”

ನಾನು ಅವನನ್ನು ದಾಟಿ ಒಳಗೆ ಹೋಗಿ, ಕೊಂಡಿಯ ಎರಡನೆಯ ತೂತಿಗೆ ನನ್ನ ಬೀಗ ಸಿಕ್ಕಿಸಿ ಒತ್ತಿದೆ.

“ಇದೇನಿದು?”

“ನನ್ನ ಬೀಗ.”

“ಓಹೋ. ತಾಯಿ ಮಗಳು ಸೇರ್ಕೊಂಡ್ರಾ? ಮೂಗಿಗಿಂತ ಮೂಗುತಿ ಭಾರ ಆಯ್ತು ಈ ಮನೇಲಿ.”

“ಮೂಗು ಉಳೀಲಿ ಅಂತಾನೇ ಅಣ್ಣ. ಸುತ್ತಿಗೆ ತಗೋ. ಚಕ್ರ ತಟ್ಟು. ಸದ್ದು ಸರಿಯಿದ್ರೆ ಈಗಲೇ ಬೀಗ ತೆಗೀತೀನಿ. ಅವಳದ್ದನ್ನ ನಾನೇ ಗರಗಸದಲ್ಲಿ ಕುಯ್ತೀನಿ.”

ಅವನು ಅಲುಗಲಿಲ್ಲ. ಗೋಡೆಗೆ ಒರಗಿಸಿದ್ದ ಸಣ್ಣ ಸುತ್ತಿಗೆಯನ್ನು ನಾನೇ ತೆಗೆದುಕೊಂಡು ಚಕ್ರದ ಅಂಚಿಗೆ ತಟ್ಟಿದೆ. ಗಟ್ಟಿ ಚಕ್ರ ಗಂಟೆಯ ಹಾಗೆ ನುಡಿಯಬೇಕು, ಬಿರಿದದ್ದು ಒಡಕು ಮಡಕೆಯ ಹಾಗೆ. ಇದು ಅವನು ನಮಗೆಲ್ಲ ಹೇಳಿಕೊಟ್ಟ ಮೊದಲ ಪಾಠ. ಡಬ್ ಎಂದಿತು.

“ಬೆಲ್ಟು ಮೇಲಿದೆ. ಅದಕ್ಕೆ ಹಾಗೆ ಕೇಳತ್ತೆ,” ಎಂದ ಅಣ್ಣ.

ಸರಿ. ಬೆಲ್ಟಿಗೆ ಭುಜ ಕೊಟ್ಟು, ಚಕ್ರವನ್ನು ಕೈಯಲ್ಲಿ ತಿರುವುತ್ತ ಅಂಚಿನಿಂದ ಜಾರಿಸಿದೆ. ಸ್ವಿಚ್ಚಿಗೆ ಎರಡು ಬೀಗ ಇದ್ದದ್ದರಿಂದ ಹೆದರಿಕೆಯಿಲ್ಲದೆ ಕೈ ಹಾಕಿದ್ದು ಅವತ್ತೇ ಮೊದಲು. ಬೆಲ್ಟು ನೆಲಕ್ಕೆ ಬಿತ್ತು. ಮತ್ತೆ ತಟ್ಟಿದೆ.

ಡಬ್.

ಆಚೆ ಬದಿಗೆ ಹೋಗಿ ತಟ್ಟಿದೆ. ಅಲ್ಲೂ ಅದೇ. ಇಡೀ ಸಾಲಿಗೆ ಕೇಳಿಸಿತು. ಮೂಲೆಮನೆಯಾಕೆ ಮಾತಿಲ್ಲದೆ ಎದ್ದು, ತನ್ನ ಚೀಲವನ್ನು ದರದರ ಎಳೆದುಕೊಂಡು ಬಾಗಿಲ ಕಡೆ ಹೋದಳು.

ಅಣ್ಣ ಚಕ್ರವನ್ನೇ ನೋಡುತ್ತಿದ್ದ. ಅವನ ಕಿವಿ ಎಂಥದು ಎಂದು ನನಗೆ ಗೊತ್ತು. ರಸ್ತೆಯಲ್ಲಿ ಹೋಗುವ ಗಾಡಿಯ ಸದ್ದು ಕೇಳಿ ಯಾವ ನಟ್ಟು ಸಡಿಲವಾಗಿದೆ ಎಂದು ಹೇಳುತ್ತಿದ್ದ ಕಿವಿ ಅದು. ಅವನಿಗೆ ಮೊದಲ ಏಟಿಗೇ ಕೇಳಿಸಿತ್ತು.

“ನಿನ್ನ ಕೈಯಿಂದ ಅಲ್ಲ ಅಂದ್ಲು,” ಎಂದೆ. “ಅಲ್ಲಿ ಎಲ್ಲರ ಮುಂದೆ ಹೇಳಿದ್ಲು. ಎಷ್ಟೇ ಒಳ್ಳೆ ಕೈ ಆದ್ರೂ ಈ ಕಬ್ಬಿಣ ಹೀಗೇ ಅಂತ.”

“ಅವಳು ಹೇಳ್ತಾಳೆ,” ಎಂದ. ದನಿಯಲ್ಲಿ ಕೋಪ ಇರಲಿಲ್ಲ. “ಚೆನ್ನಾಗಿ ಓದ್ತಾಳೆ.”

“ಹಾಗಾದ್ರೆ ಇದನ್ನ ಹಾಕು.” ಎರಡನೆಯ ಬೀಗವನ್ನು ಅವನ ಮುಂದೆ ಹಿಡಿದೆ. “ಮೂರನೇ ತೂತು ನಿಂದು. ಹೊಸ ಚಕ್ರ ತರೋಣ. ನೀನು ಸರಿ ಅನ್ನೋವರೆಗೆ ನಾನಾಗ್ಲಿ ಅವಳಾಗ್ಲಿ ಸ್ವಿಚ್ ಮುಟ್ಟಲ್ಲ.”

ಅವನು ಬೀಗ ತೆಗೆದುಕೊಂಡ. ಕೈಯಲ್ಲಿ ತೂಗಿ ನೋಡಿದ, ಎಲ್ಲವನ್ನೂ ಹಾಗೆ ನೋಡುವುದು ಅವನ ಅಭ್ಯಾಸ. ಕೊಂಡಿಯ ಹತ್ತಿರವೂ ಹೋದ. ಅವನು ಮಗಳ ಚೀಟಿಯನ್ನು ಬೆರಳಿನಿಂದ ತಿರುಗಿಸಿ ಓದಿದ, ಮತ್ತೆ ನೆಟ್ಟಗೆ ತಿರುಗಿಸಿಟ್ಟ. ಆಮೇಲೆ ಬಂದು ಬೀಗವನ್ನು ತಕ್ಕಡಿಯ ತಟ್ಟೆಯ ಮೇಲೆ ಇಟ್ಟ.

ಜೇಬಿಗೆ ಕೈ ಹಾಕಿ ಗಿರಣಿಯ ಬಾಗಿಲಿನ ಕೀಲಿಕೈ ತೆಗೆದು ಅದರ ಪಕ್ಕದಲ್ಲಿಟ್ಟ. ಬೆಲ್ಟಿನ ಪಿನ್ನುಗಳು, ಎಣ್ಣೆಯ ಸಣ್ಣ ಬುರುಡೆ, ಗಿರಣಿಗೆ ಸೇರಿದ್ದೆಲ್ಲ ಒಂದೊಂದಾಗಿ ಹೊರಗೆ ಬಂತು. ಕೊನೆಗೆ ಆ ಎರಡು ಕಬ್ಬಿಣದ ತುಂಡುಗಳೂ ಬಂದವು, ಒಂದರೊಳಗೊಂದು ಕೂತ ಹಾಗೇ. ತಟ್ಟೆಯ ಮೇಲೆ ಇಡಲು ಹೋದವನು ನಿಂತ. ಬಾಗಿಲ ಬೆಳಕಿಗೆ ಹಿಡಿದು ನೋಡಿದ. ಮತ್ತೆ ಜೇಬಿಗೆ ಹಾಕಿಕೊಂಡ.

“ಅಣ್ಣ, ಎಲ್ಲಿಗೆ?”

“ಇಲ್ಲೇ,” ಎಂದ.

ಜನ ದಾರಿ ಬಿಟ್ಟರು. ಅವನು ಶೆಡ್ಡಿನ ಕಡೆ ತಿರುಗಲಿಲ್ಲ, ವಿಶ್ವವಿದ್ಯಾಲಯದ ಗೋಡೆಯ ಬದಿ ಹಿಡಿದು ನಡೆದ. ಟೀ ಕುಡಿಯಲು ಹೋದ ಎಂದು ನಾನು ಎಲ್ಲರಿಗೂ ಹೇಳಿದೆ, ಬಂದುಬಿಡ್ತಾನೆ ಕೂತ್ಕೊಳ್ಳಿ ಎಂದೆ. ಎದುರಿನ ಸೈರನ್ ಕೂಗಿತು. ಮಗಳು ಊಟಕ್ಕೆ ಬಂದು, ನೆಲದ ಮೇಲಿದ್ದ ಬೆಲ್ಟನ್ನೂ ಕೊಂಡಿಯಲ್ಲಿದ್ದ ಎರಡು ಬೀಗವನ್ನೂ ನೋಡಿ, “ಮಾವ ಎಲ್ಲಮ್ಮ?” ಎಂದಳು.

“ಇಲ್ಲೇ,” ಎಂದೆ.

ಬೆಳಗ್ಗೆ ಅವನಾಡಿದ್ದು ಬರೀ ಕೋಪದ ಮಾತಾಗಿರಲಿಲ್ಲ. ಅವನು ಮತ್ತೆಂದೂ ಬರಲಿಲ್ಲ.